ಮೊದಲ ಸಿನಿಮಾ: ಯಾರ ಕಣ್ಣಿನಿಂದ ನೋಡುತ್ತೀರಿ?

ಮೊದಲ ಸಿನಿಮಾ ಮಾಡಲು ಹೊರಟವರ ಜೊತೆ ಕೂತರೆ ಮಾತು ಕ್ಯಾಮೆರಾದಿಂದಲೇ ಶುರುವಾಗುತ್ತದೆ. ಯಾವ ಕ್ಯಾಮೆರಾ, ಯಾವ ಲೆನ್ಸು, ಡ್ರೋನ್ ಬಾಡಿಗೆ ಎಷ್ಟು, ಕಲರ್ ಎಲ್ಲಿ ಮಾಡಿಸಬೇಕು. ಎಲ್ಲವೂ ಬೇಕಾದ ಮಾತೇ. ಆದರೆ ಅದಕ್ಕೆಲ್ಲ ಉತ್ತರ ಹೇಳಲು ಛಾಯಾಗ್ರಾಹಕರಿದ್ದಾರೆ, ಕಲರಿಸ್ಟ್ ಇದ್ದಾರೆ, ಪ್ರೊಡಕ್ಷನ್ ಮ್ಯಾನೇಜರ್ ಇದ್ದಾರೆ. ನಿರ್ದೇಶಕರನ್ನು ಬಿಟ್ಟು ಸೆಟ್ಟಿನಲ್ಲಿ ಬೇರೆ ಯಾರೂ ಉತ್ತರಿಸಲಾಗದ ಪ್ರಶ್ನೆ ಒಂದಿದೆ: ಈ ದೃಶ್ಯವನ್ನು ನಾವು ಯಾರ ಪಕ್ಕದಲ್ಲಿ ನಿಂತು ನೋಡುತ್ತಿದ್ದೇವೆ? ನಟರಿಗೆ ಏನು ಹೇಳಬೇಕು, ಕ್ಯಾಮೆರಾ ಎಲ್ಲಿಡಬೇಕು, ಯಾವ ಸದ್ದು ಕೇಳಿಸಬೇಕು, ಎಲ್ಲಿ ಕಟ್ ಮಾಡಬೇಕು ಎಂಬುದೆಲ್ಲ ಈ ಒಂದು ತೀರ್ಮಾನದಿಂದ ಹುಟ್ಟುತ್ತದೆ. ನಿರ್ದೇಶನ ಕಲಿಯುವುದೆಂದರೆ ಈ ತೀರ್ಮಾನ ಮಾಡಲು ಕಲಿಯುವುದು. ಆಮೇಲೆ ಶೂಟಿಂಗಿನ ಗಡಿಬಿಡಿಯಲ್ಲಿ ಅದನ್ನು ಕಳೆದುಕೊಳ್ಳದೆ ಕೊನೆಯವರೆಗೆ ಕಾಪಾಡಲು ಕಲಿಯುವುದು.

ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ನೋಡಿ. ಯು.ಆರ್. ಅನಂತಮೂರ್ತಿಯವರ ಕಥೆ. ಅಗ್ರಹಾರದ ವೇದಪಾಠಶಾಲೆ, ಅಲ್ಲಿ ಕಲಿಸುವ ಉಡುಪರು, ಬಸಿರಾದ ಅವರ ವಿಧವೆ ಮಗಳು ಯಮುನಾ, ಬದುಕಿರುವಾಗಲೇ ಅವಳಿಗೆ ನಡೆಯುವ ಶ್ರಾದ್ಧ. ಕಣ್ಣೀರು ತರಿಸಲು, ಭಾಷಣ ಬಿಗಿಯಲು ಇದಕ್ಕಿಂತ ಹೆಚ್ಚಿನ ಸರಕು ಬೇಕಿಲ್ಲ. ಆದರೆ ಚಿತ್ರ ಪಾಠಕ್ಕೆಂದು ಬಂದ ಸಣ್ಣ ಹುಡುಗ ನಾಣಿಯನ್ನು ಹಿಡಿದುಕೊಂಡು ಹೋಗುತ್ತದೆ. ದೊಡ್ಡವರು ಮಾಡುತ್ತಿರುವುದು ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಇಲ್ಲ. ನಮಗೆ ಅವನಿಗಿಂತ ಹೆಚ್ಚು ತಿಳಿಯುತ್ತದೆ, ಅವನನ್ನು ಎಚ್ಚರಿಸಲು ಮಾತ್ರ ಆಗುವುದಿಲ್ಲ. ಚಿತ್ರದ ಸಂಕಟವೆಲ್ಲ ಆ ಅಂತರದಲ್ಲಿದೆ. ಸಂಭಾಷಣೆಯನ್ನು ಒಂದಕ್ಷರ ಬದಲಿಸದೆ ಇದೇ ಕಥೆಯನ್ನು ಉಡುಪರ ಕಡೆಯಿಂದಲೋ ಪಾಠಶಾಲೆಯ ದೊಡ್ಡ ಹುಡುಗರ ಕಡೆಯಿಂದಲೋ ತೆಗೆದಿದ್ದರೆ ಅದು ಬೇರೆಯದೇ ಸಿನಿಮಾ ಆಗುತ್ತಿತ್ತು. ಆ ವರ್ಷದ ಸ್ವರ್ಣಕಮಲ ಈ ಚಿತ್ರಕ್ಕೆ ಬಂತು. ಕಲಿಯುವವರು ಪ್ರಶಸ್ತಿಯನ್ನು ಪಕ್ಕಕ್ಕಿಟ್ಟು, ನಾಣಿ ಇಲ್ಲದ ದೃಶ್ಯಗಳು ಎಷ್ಟಿವೆ, ಅವು ಯಾಕೆ ಇವೆ ಎಂದು ಹುಡುಕುತ್ತಾ ಇನ್ನೊಮ್ಮೆ ನೋಡಬೇಕು.

ಒಂದು ಊಟದ ದೃಶ್ಯ

ಸಾಧಾರಣ ದೃಶ್ಯವೊಂದನ್ನು ಇಟ್ಟುಕೊಂಡು ಮಾತಾಡೋಣ. ಅರಸೀಕೆರೆ ಕಡೆಯ ಹಳ್ಳಿಮನೆ, ರಾತ್ರಿ ಊಟದ ಹೊತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಸಂಜೆಯಷ್ಟೇ ಬಂದಿದ್ದಾಳೆ. ಅಪ್ಪ ತೆಂಗಿನ ತೋಟ ಮಾರಿದ್ದಾನೆ. ಅಮ್ಮನಿಗೆ ಗೊತ್ತು, ಮಗಳಿಗೆ ಗೊತ್ತಿಲ್ಲ. ಅಪ್ಪ-ಮಗಳು ನಡುಮನೆಯಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದಾರೆ, ಅಮ್ಮ ಬಡಿಸುತ್ತಿದ್ದಾಳೆ. ಚಿತ್ರಕಥೆಯಲ್ಲಿ ಮಾತು ಇಷ್ಟೇ:

ಅಪ್ಪ: ತೋಟ ಕೊಟ್ಬಿಟ್ಟೆ ಕಣವ್ವ.

ಮಗಳು: ಯಾವಾಗ?

ಅಪ್ಪ: ಹೋದ್ ತಿಂಗ್ಳು.

ಅಮ್ಮ: ಮುದ್ದೆ ಆರೋಗ್ತದೆ, ಮೊದ್ಲು ಉಣ್ಣು.

ಇದು ಮಗಳ ದೃಶ್ಯ ಎಂದು ತೀರ್ಮಾನಿಸಿದಿರಿ ಅನ್ನಿ. ಕ್ಯಾಮೆರಾ ಮೊದಲಿನಿಂದಲೇ ಅವಳ ಮಗ್ಗುಲಲ್ಲಿ, ನೆಲಕ್ಕೆ ಹತ್ತಿರ ಕೂರುತ್ತದೆ. ಅಪ್ಪ ಕಾಣುವುದು ಅವಳು ಕೂತಲ್ಲಿಂದ ಕಂಡಷ್ಟೇ. ಅಮ್ಮನ ಮುಖ ಇನ್ನೂ ಬೇಡ. ಚೌಕಟ್ಟಿನೊಳಗೆ ಬಂದು ಸಾರು ಬಿಟ್ಟು ಹೋಗುವ ಕೈ ಸಾಕು. ‘ತೋಟ ಕೊಟ್ಬಿಟ್ಟೆ’ ಎಂಬ ಮಾತು ಬೀಳುವಾಗ ನಾವು ಮಗಳ ಮುಖ ನೋಡುತ್ತಿರಬೇಕು. ‘ಯಾವಾಗ?’ ಎಂದು ಕೇಳಿದ ಮೇಲೆ ಅವಳ ಕಣ್ಣು ಅಪ್ಪನನ್ನು ಬಿಟ್ಟು ಮೇಲೆ ಹೋಗುತ್ತದೆ. ಆಗ ಅಮ್ಮನ ಮುಖ ಮೊದಲ ಸಲ ಪೂರ್ತಿ ಕಾಣುತ್ತದೆ. ಅಮ್ಮನಿಗೂ ಗೊತ್ತಿತ್ತು ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಅಮ್ಮನ ದೃಶ್ಯವಾದರೆ ಶುರುವಾಗುವುದು ಅಡುಗೆಮನೆಯಲ್ಲಿ. ಒಲೆ, ಮುದ್ದೆ ಕಟ್ಟುವ ಕೈ, ಹೊರಗಿನಿಂದ ಅಪ್ಪ-ಮಗಳ ಲೋಕಾಭಿರಾಮ. ಮಾತು ನಿಂತಾಗ ಅವಳ ಕೈಯೂ ನಿಲ್ಲುತ್ತದೆ, ಯಾಕೆಂದರೆ ಮುಂದಿನ ಮಾತು ಏನೆಂದು ಅವಳಿಗೆ ಗೊತ್ತು. ಹೊಸ್ತಿಲಲ್ಲಿ ನಿಂತ ಅವಳ ಹಿಂದೆ ನಾವಿದ್ದೇವೆ. ಗಂಡನ ಬೆನ್ನು ಕಾಣುತ್ತದೆ, ಮಾತು ಆ ಬೆನ್ನಿನಿಂದ ಬರುತ್ತದೆ. ‘ಮುದ್ದೆ ಆರೋಗ್ತದೆ’ ಎಂಬುದು ಇಲ್ಲಿ ಗಂಡನನ್ನು ಪಾರುಮಾಡುವ ಮಾತು. ಮಗಳ ದೃಶ್ಯದಲ್ಲಿ ಅದೇ ಮಾತು ಬಾಯಿ ಮುಚ್ಚಿಸುವಂತೆ ಕೇಳಿಸುತ್ತದೆ.

ಅಪ್ಪನ ದೃಶ್ಯ ಇವೆರಡಕ್ಕಿಂತ ಕಷ್ಟ. ಅವನ ತುತ್ತು ಬಾಯಿಗೆ ಹೋಗುತ್ತಿಲ್ಲ. ಮಗಳು ಆಫೀಸಿನ ಯಾವುದೋ ವಿಷಯ ಹೇಳಿ ನಗುತ್ತಿದ್ದಾಳೆ, ಅವಳ ನಗು ಮುಗಿಯಲೆಂದು ಕಾಯುತ್ತಿದ್ದಾನೆ. ಹೇಳಿದ ಮೇಲೆ ಕ್ಯಾಮೆರಾ ಅವನನ್ನು ಬಿಟ್ಟು ಕದಲುವುದೇ ಇಲ್ಲ. ‘ಯಾವಾಗ?’ ಎಂಬ ಪ್ರಶ್ನೆ ಚೌಕಟ್ಟಿನ ಹೊರಗಿನಿಂದ ಬರುತ್ತದೆ, ಮಗಳ ಮುಖ ನೋಡುವ ಧೈರ್ಯ ಅವನಿಗಿಲ್ಲ, ಆದ್ದರಿಂದ ನಮಗೂ ಕಾಣುವುದಿಲ್ಲ.

ಅದೇ ಮನೆ, ಅದೇ ನಾಲ್ಕು ಮಾತು. ಮೂರರಲ್ಲಿ ಯಾವುದೂ ತಪ್ಪಲ್ಲ. ತಪ್ಪಾಗುವುದು ತೀರ್ಮಾನಿಸದೆ ಹೋದಾಗ. ಆಗ ಒಂದು ಮಾಸ್ಟರ್ ಶಾಟ್, ಮೂವರಿಗೂ ಒಂದೊಂದು ಕ್ಲೋಸಪ್ ತೆಗೆದು ‘ಎಡಿಟಿಂಗ್‌ನಲ್ಲಿ ನೋಡಿಕೊಳ್ಳೋಣ’ ಎನ್ನುತ್ತೇವೆ. ಎಡಿಟಿಂಗ್ ಟೇಬಲ್ಲಿಗೆ ಬರುವುದು ಸಮತೂಕದ ಮೂರು ಮುಖ; ದೃಶ್ಯ ಯಾರದ್ದೂ ಆಗಿರುವುದಿಲ್ಲ. ರಕ್ಷಣೆಗೆಂದು ಒಂದೆರಡು ಶಾಟ್ ಹೆಚ್ಚಿಗೆ ತೆಗೆದಿಟ್ಟುಕೊಳ್ಳುವುದನ್ನು ನಾನು ಬೇಡವೆನ್ನುವುದಿಲ್ಲ, ಮೊದಲ ಚಿತ್ರಕ್ಕೆ ಅದು ಬೇಕು. ಆದರೆ ದೃಶ್ಯದ ಭಾರ ಹೊರುವ ಶಾಟನ್ನು ಮೊದಲು ತೆಗೆಯಿರಿ. ನಟರಲ್ಲಿ ಕಸುವಿರುವುದು ಆಗ. ಹತ್ತು ಸಲ ಮಾಸ್ಟರ್ ಮಾಡಿ ಮುಗಿಸಿದ ಮೇಲೆ ಕ್ಲೋಸಪ್ಪಿಗೆ ಬಂದರೆ ಸಿಗುವುದು ಉಳಿದದ್ದು.

ಓದಿ ಒಪ್ಪಿಕೊಳ್ಳಬೇಡಿ, ಮಾಡಿ ನೋಡಿ. ಫೋನ್ ಸಾಕು, ಇಬ್ಬರು ಗೆಳೆಯರು, ಮನೆಯ ಹಿರಿಯರೊಬ್ಬರು ಸಾಕು. ಈ ನಾಲ್ಕು ಮಾತನ್ನೇ ಮೂರು ಕಡೆಯಿಂದ ಬೇರೆಬೇರೆಯಾಗಿ ತೆಗೆದು, ಡಾವಿಂಚಿ ರಿಸಾಲ್ವ್‌ನಂಥ ಉಚಿತವಾಗಿ ಸಿಗುವ ಸಾಫ್ಟ್‌ವೇರಿನಲ್ಲಿ ಜೋಡಿಸಿ. ಕಣ್ಣಿನ ಗೆರೆ ಎಂದರೇನು ಎಂಬುದು ಆಗ ಕೈಗೆ ಹತ್ತುತ್ತದೆ. ಅಪ್ಪನಿಂದ ಮಗಳಿಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿದ್ದರೆ ಅಪ್ಪ ಎಡದಿಂದ ಬಲಕ್ಕೂ ಮಗಳು ಬಲದಿಂದ ಎಡಕ್ಕೂ ನೋಡುತ್ತಾರೆ, ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಅನ್ನಿಸುತ್ತದೆ. ಗೊತ್ತಿಲ್ಲದೆ ಗೆರೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದಂತೆ ಕಾಣುತ್ತದೆ. ಅಮ್ಮ ಬಡಿಸುತ್ತಾ ನಡೆದಾಡಿದಳೆಂದರೆ ಗೆರೆಯೂ ಅವಳ ಜೊತೆ ಬದಲಾಗುತ್ತದೆ. ಆದ್ದರಿಂದಲೇ ಶಾಟ್ ಪಟ್ಟಿ ಬರೆಯುವ ಮೊದಲು ನಡುಮನೆಯ ನಕ್ಷೆ ಬರೆದು, ಯಾರು ಎಲ್ಲಿ ಕೂರುತ್ತಾರೆ, ಯಾರು ಎತ್ತ ನಡೆಯುತ್ತಾರೆ ಎಂದು ಗುರುತು ಹಾಕುವುದು.

ಲೆನ್ಸಿಗೂ ಒಂದು ಕಾರಣ ಇರಲಿ

ಅಮೆರಿಕದ ಸಿಡ್ನಿ ಲ್ಯೂಮೆಟ್ ಟೆಲಿವಿಷನ್ನಿನಲ್ಲಿ ಪಳಗಿ, 1957ರಲ್ಲಿ ತಮ್ಮ ಮೊದಲ ಚಿತ್ರ ‘12 ಆಂಗ್ರಿ ಮೆನ್’ ಮಾಡಿದರು. ಬಹುತೇಕ ಚಿತ್ರ ಒಂದೇ ಕೋಣೆಯಲ್ಲಿ ನಡೆಯುತ್ತದೆ: ಕೊಲೆ ಆರೋಪದ ಹುಡುಗನ ಹಣೆಬರಹ ನಿರ್ಧರಿಸಲು ಕೂತ 12 ಜನ ಜ್ಯೂರಿಗಳು. ಕೋಣೆ ಬೇಸರ ತರಿಸದಂತೆ ಲ್ಯೂಮೆಟ್ ಅದನ್ನು ಕ್ರಮೇಣ ಇಕ್ಕಟ್ಟು ಮಾಡುತ್ತಾ ಹೋದರು. ಮೊದಲ ಮೂರನೇ ಒಂದು ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ನಡುವಿನ ಭಾಗವನ್ನು ಕಣ್ಣಿನ ಮಟ್ಟದಿಂದ, ಕೊನೆಯದನ್ನು ಕೆಳಗಿನಿಂದ ತೆಗೆದರು. ಜೊತೆಜೊತೆಗೇ ಲೆನ್ಸುಗಳ ನಾಭಿದೂರ ಹೆಚ್ಚಿಸುತ್ತಾ ಬಂದರು. ಗೋಡೆಗಳು ಜನರ ಬೆನ್ನಿಗೆ ಹತ್ತಿರ ಬಂದವು, ಕೊನೆಕೊನೆಗೆ ಚಾವಣಿ ಕೂಡ ಕಾಣತೊಡಗಿತು. ಪ್ರೇಕ್ಷಕರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ, ಉಸಿರು ಕಟ್ಟಿದಂತಾಗುವುದು ಮಾತ್ರ ಗೊತ್ತಾಗುತ್ತದೆ.

ಈ ಚಿತ್ರದ ಪೂರ್ವತಯಾರಿ ನಮ್ಮ ಸಣ್ಣ ಬಜೆಟ್ಟಿನವರಿಗೆ ಇನ್ನೂ ಹೆಚ್ಚು ಕಲಿಸುತ್ತದೆ. ಎರಡು ವಾರ ಬರೀ ರಿಹರ್ಸಲ್, ಆಮೇಲೆ ಸುಮಾರು ಮೂರು ವಾರದ ಶೂಟಿಂಗ್. ಒಂದು ದಿಕ್ಕಿಗೆ ಲೈಟ್ ಹಾಕಿದರೆ ಆ ಕಡೆ ಕಾಣುವ ಶಾಟುಗಳನ್ನೆಲ್ಲ, ಅವು ಕಥೆಯಲ್ಲಿ ಎಲ್ಲೇ ಬರಲಿ, ಒಟ್ಟಿಗೆ ಮುಗಿಸುತ್ತಿದ್ದರು. ಒಬ್ಬ ನಟನ ಸಿಟ್ಟಿನ ಮೂರು ಹಂತಗಳನ್ನು ಒಂದೇ ಮಧ್ಯಾಹ್ನ ತೆಗೆಯಬೇಕಾದರೆ, ಯಾವ ಹಂತದಲ್ಲಿ ಎಷ್ಟು ಸಿಟ್ಟು ಎಂಬುದು ನಿರ್ದೇಶಕರ ತಲೆಯಲ್ಲಿ ಕರಾರುವಾಕ್ಕಾಗಿ ಇರಬೇಕು. ಅದು ಬಂದದ್ದು ಆ ಎರಡು ವಾರದಿಂದ. ನಮ್ಮಲ್ಲಿ ಮೊದಲ ಚಿತ್ರದ ಬಜೆಟ್ಟಿನಲ್ಲಿ ರಿಹರ್ಸಲ್ ಎಂಬ ಬಾಬ್ತೇ ಇರುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ, ಯಾಕೆಂದರೆ ಇಡೀ ಸಿನಿಮಾದಲ್ಲಿ ಅತ್ಯಂತ ಅಗ್ಗದಲ್ಲಿ ಸಿಗುವ ದಿನಗಳು ಅವು. ಕ್ಯಾಮೆರಾ ಬಾಡಿಗೆಯಿಲ್ಲ, ಯೂನಿಟ್ ಬೇಟಾ ಇಲ್ಲ. ಒಂದು ಖಾಲಿ ಹಾಲು, ಕಾಫಿ, ತಿಂಡಿ. ಒಂದು ದಿನದ ಡ್ರೋನ್ ಕೈಬಿಟ್ಟಾದರೂ ಒಂದು ವಾರದ ರಿಹರ್ಸಲ್ ಇಟ್ಟುಕೊಳ್ಳಿ.

ನಟರಿಗೆ ಏನು ಹೇಳುವುದು

‘ಸ್ವಲ್ಪ ದುಃಖ ಜಾಸ್ತಿ ಮಾಡಿ’ ಎಂದರೆ ನಟರು ಹುಬ್ಬು ಗಂಟಿಕ್ಕುತ್ತಾರೆ, ಅಷ್ಟೇ. ಭಾವ ಕೇಳಬೇಡಿ, ಮಾಡಲು ಕೆಲಸ ಕೊಡಿ. ಊಟದ ದೃಶ್ಯದ ಅಪ್ಪನಿಗೆ ‘ಅವಳು ಕೈ ತೊಳೆಯಲು ಏಳುವುದರೊಳಗೆ ಹೇಳಿ ಮುಗಿಸಬೇಕು’ ಎನ್ನಿ. ಮಗಳಿಗೆ ‘ಅಪ್ಪ ಇವತ್ತು ಯಾಕೋ ಉಣ್ಣುತ್ತಿಲ್ಲ, ಹೇಗಾದರೂ ನಗಿಸು’ ಎನ್ನಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗುವುದು ಬೇಡ. ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಬಿದ್ದಾಗ ಮುಖದ ಮೇಲೆ ಬರುವುದೇ ನಿಮಗೆ ಬೇಕಾದದ್ದು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ಸತ್ಯಜಿತ್ ರಾಯ್ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಯ ಮೊದಲ ದಿನದ ಶೂಟಿಂಗಿನಲ್ಲಿ ಪುಟ್ಟ ಹುಡುಗ ಅಪು ಕಾಶ ಹುಲ್ಲು ಹೂಬಿಟ್ಟ ಬಯಲಿನಲ್ಲಿ ಅಕ್ಕನನ್ನು ಹುಡುಕುತ್ತಾ ನಡೆಯಬೇಕಿತ್ತು. ಹುಡುಗನ ನಡಿಗೆ ಬೊಂಬೆಯ ಹಾಗೆ ಬರುತ್ತಿತ್ತು. ರಾಯ್ ಅವನ ದಾರಿಯಲ್ಲಿ ಅಲ್ಲಲ್ಲಿ ಕಡ್ಡಿ ಇಡಿಸಿ ದಾಟಿ ನಡೆ ಎಂದರು. ತಂಡದವರನ್ನು ಹುಲ್ಲಿನಲ್ಲಿ ಅಡಗಿಸಿ ಬೇರೆಬೇರೆ ಕಡೆಯಿಂದ ಹೆಸರು ಹಿಡಿದು ಕೂಗಿಸಿದರು. ಹುಡುಗ ಕಡ್ಡಿ ನೋಡಿ ತಡೆದ, ಕೂಗಿದ ಕಡೆ ತಿರುಗಿದ. ತೆರೆಯ ಮೇಲೆ ಅದು ಹುಡುಕಾಟವಾಯಿತು.

ಕನ್ನಡದ ಇತ್ತೀಚಿನ ಮೊದಲ ಚಿತ್ರಗಳಲ್ಲಿ ಹೊಸಬರಿಂದ ನಟನೆ ತೆಗೆದ ದೊಡ್ಡ ಪಾಠಗಳಿವೆ. ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ಕ್ಯಾಮೆರಾ ಎದುರು ನಟಿಸದ ಊರಿನವರನ್ನು ಇಟ್ಟುಕೊಂಡು ಮಾಡಿದ್ದು. 2015ರಲ್ಲಿ ಲೊಕಾರ್ನೊ ಉತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಪಡೆಯಿತು. ಜೊತೆಗೆ ಬರೆದ ಈರೇಗೌಡ ಅದೇ ಊರಿನವರು. ಅವರು ಕಥೆ ಬರೆದು ಆಮೇಲೆ ಜನರನ್ನು ಹುಡುಕಲಿಲ್ಲ. ಜನರನ್ನು ನೋಡಿ, ಅವರ ನಡೆ, ಮಾತು, ಹಟಕ್ಕೆ ತಕ್ಕಂತೆ ಪಾತ್ರ ಬರೆದರು. ತೆರೆಯ ಮೇಲಿನ ಮುದುಕ ಗಡ್ಡಪ್ಪ ಊರಿನ ಗಡ್ಡಪ್ಪನ ಹಾಗೆ ನಡೆದರೆ ಸಾಕಿತ್ತು. ನಟೇಶ್ ಹೆಗಡೆ ‘ಪೆದ್ರೋ’ (2021) ಚಿತ್ರದ ಮುಖ್ಯ ಪಾತ್ರಕ್ಕೆ ತಮ್ಮ ತಂದೆಯನ್ನೇ ಆರಿಸಿಕೊಂಡರು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ಮಾಡಿದ ‘ಶಿವಮ್ಮ’ 2022ರಲ್ಲಿ ಬುಸಾನ್ ಉತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಅಲ್ಲಿಯೂ ಬಣ್ಣ ಹಚ್ಚದ ಜನರೇ. ಇದನ್ನೆಲ್ಲ ನೋಡಿ ‘ಹೊಸಬರನ್ನು ಹಾಕಿದರೆ ಖರ್ಚು ಕಡಿಮೆ’ ಎಂದು ಲೆಕ್ಕ ಹಾಕಿದರೆ ಕೆಟ್ಟಿರಿ. ಹೊಸಬರ ಜೊತೆ ತಿಂಗಳುಗಟ್ಟಲೆ ಇರಬೇಕು. ಅವರ ಊಟದ ಹೊತ್ತು, ಕೊಯ್ಲಿನ ಕಾಲ, ಮುನಿಸು ಎಲ್ಲ ನಿಮ್ಮ ಶೆಡ್ಯೂಲಿನೊಳಗೆ ಬರಬೇಕು. ಚೆನ್ನಾಗಿ ಬಂದ ಟೇಕನ್ನು ಅವರು ಅದೇ ರೀತಿ ಇನ್ನೊಮ್ಮೆ ಮಾಡಲಾರರು, ಆದ್ದರಿಂದ ಕ್ಯಾಮೆರಾ ಅವರನ್ನು ಹಿಂಬಾಲಿಸುವಂತೆ ಯೋಜಿಸಬೇಕು.

ಮಕ್ಕಳಿದ್ದರೆ ಕಾನೂನೂ ಇದೆ, ಅದು ಒಳ್ಳೆಯ ಕಾನೂನು. 14 ವರ್ಷದೊಳಗಿನ ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಸತತವಾಗಿ 27 ದಿನ ಮೀರುವಂತಿಲ್ಲ. ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ಸಂಭಾವನೆಯ ಕನಿಷ್ಠ ಶೇಕಡಾ 20ರಷ್ಟು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಚಿತ್ರಕಥೆ ಬರೆಯುವಾಗಲೇ ಇದು ತಲೆಯಲ್ಲಿರಲಿ.

ದಿನದ ಲೆಕ್ಕ

110 ನಿಮಿಷದ ಚಿತ್ರ, 28 ದಿನದ ಶೂಟಿಂಗ್ ಎಂದಿಟ್ಟುಕೊಳ್ಳಿ. ಬೆಳಗ್ಗೆ 6ರಿಂದ ಸಂಜೆ 6 ಎಂದು ಕಾಲ್‌ಶೀಟ್ ಬರೆದರೂ ತಿಂಡಿ, ಊಟ, ಮೇಕಪ್, ಲೊಕೇಶನ್ ಬದಲಾವಣೆ ಕಳೆದು ಕೈಗೆ ಸಿಗುವುದು ಸುಮಾರು 9 ಗಂಟೆ. ಲೈಟ್ ಹಾಕಿ, ಒಂದು ರಿಹರ್ಸಲ್ ನೋಡಿ, ನಾಲ್ಕೈದು ಟೇಕ್ ತೆಗೆಯಲು ಒಂದು ಶಾಟಿಗೆ 40 ನಿಮಿಷ ಹಿಡಿಯಿರಿ. ದಿನಕ್ಕೆ 13 ಶಾಟ್, 28 ದಿನಕ್ಕೆ 364. ಚಿತ್ರದ ಉದ್ದಕ್ಕೆ ಭಾಗಿಸಿದರೆ ಸರಾಸರಿ ಒಂದು ಶಾಟ್ ತೆರೆಯ ಮೇಲೆ 18 ಸೆಕೆಂಡ್ ನಿಲ್ಲಬೇಕು.

ಈ 18 ಸೆಕೆಂಡ್ ಎಂಬ ಅಂಕಿಯನ್ನು ಕಣ್ಣೆದುರು ಅಂಟಿಸಿಕೊಳ್ಳಿ. ಪಟಪಟನೆ ಕಟ್ ಆಗುವ ಚಿತ್ರಗಳನ್ನು ನೋಡಿ ಬೆಳೆದವರು ಅಂಥದೇ ಶಾಟ್ ಪಟ್ಟಿ ಬರೆದು, ನಾಲ್ಕನೇ ದಿನಕ್ಕೆ ಅರ್ಧ ಕೈಬಿಟ್ಟು, ಉಳಿದ ಅರ್ಧದಿಂದ ದೃಶ್ಯ ಕಟ್ಟಲಾಗದೆ ಒದ್ದಾಡುತ್ತಾರೆ. ನಿಮ್ಮ ದುಡ್ಡು ನಿಮಗೆ ಕೊಟ್ಟಿರುವ ಶೈಲಿ ಉದ್ದ ಶಾಟಿನದು. ಅದಕ್ಕೆ ತಕ್ಕಂತೆ ನಟರ ಚಲನೆಯಿಂದಲೇ ಚೌಕಟ್ಟು ಬದಲಾಗುವಂತೆ ಬರೆಯಿರಿ: ಅಮ್ಮ ಒಳಗಿನಿಂದ ಬಂದು ಮುಂದೆ ನಿಂತರೆ ವೈಡ್ ಶಾಟೇ ಅವಳ ಮಿಡ್ ಶಾಟ್ ಆಗುತ್ತದೆ, ಕಟ್ ಬೇಕಿಲ್ಲ. ಎಲ್ಲ ದೃಶ್ಯಕ್ಕೂ ಸಮನಾಗಿ ಸಮಯ ಹಂಚುವುದೂ ಬೇಡ. ಯಾವ ಐದಾರು ದೃಶ್ಯ ಇಲ್ಲದೆ ಈ ಚಿತ್ರವೇ ಇಲ್ಲ ಎಂದು ಗುರುತಿಸಿ ಅವಕ್ಕೆ ಒಂದೊಂದು ದಿನ ಪೂರ್ತಿ ಕೊಡಿ. ಬಸ್ಸು ಹತ್ತುವ, ಬಾಗಿಲು ತೆರೆಯುವ ದೃಶ್ಯಗಳು ಒಂದೇ ಶಾಟಿನಲ್ಲಿ ಮುಗಿಯಲಿ. ಮುಹೂರ್ತದ ಮರುದಿನವೇ ಕ್ಲೈಮ್ಯಾಕ್ಸ್ ಇಡಬೇಡಿ, ತಂಡಕ್ಕೆ ಒಬ್ಬರ ಕೈ ಇನ್ನೊಬ್ಬರಿಗೆ ಹೊಂದಲು ಎರಡು ಮೂರು ದಿನ ಬೇಕು.

ಪ್ರಕೃತಿಯನ್ನು ನಂಬಿ ದೃಶ್ಯ ಬರೆದಿದ್ದರೆ ಅದನ್ನು ಅರ್ಧಕ್ಕೆ ಬಿಟ್ಟು ಬರಬೇಡಿ. ರಾಯ್ ಜಾಹೀರಾತು ಕಂಪನಿಯ ನೌಕರಿಯಲ್ಲಿದ್ದುಕೊಂಡು ರಜಾದಿನಗಳಲ್ಲಿ ಶೂಟಿಂಗ್ ಮಾಡುತ್ತಿದ್ದವರು. 1952ರಲ್ಲಿ ಆ ಕಾಶ ಹೂವಿನ ದೃಶ್ಯವನ್ನು ಸ್ವಲ್ಪ ತೆಗೆದು ಮುಂದಿನ ವಾರ ಹೋದರೆ ದನಗಳು ಬಯಲಿಗೆ ಬಯಲನ್ನೇ ಮೇಯ್ದಿದ್ದವು. ಹೂವಿಗಾಗಿ ಮುಂದಿನ ಋತುವಿನವರೆಗೆ ಕಾಯಬೇಕಾಯಿತು. ಚಿತ್ರ ತೆರೆ ಕಂಡದ್ದು 1955ರಲ್ಲಿ.

ದುಡ್ಡಿನ ಬಗ್ಗೆ ಒಂದೇ ಮಾತು. ರಾಜ್ಯ ಸರ್ಕಾರದ ಸಹಾಯಧನ ಬಂದರೆ ಒಳ್ಳೆಯದು. ಅದನ್ನು ಶೂಟಿಂಗಿನ ಜಮಾ ಖಾತೆಯಲ್ಲಿ ಬರೆದುಕೊಳ್ಳಬೇಡಿ. ಅದು ಚಿತ್ರ ಮುಗಿದು ಎಷ್ಟೋ ಕಾಲದ ಮೇಲಿನ ಮಾತು. ಬಜೆಟ್ಟಿನ ಶೇಕಡಾ 10ನ್ನು ಯಾರೂ ಮುಟ್ಟದಂತೆ ತೆಗೆದಿಡಿ, ಎಡಿಟಿಂಗ್ ಮತ್ತು ಶಬ್ದದ ದುಡ್ಡನ್ನು ಬೇರೆಯೇ ಖಾತೆಯಲ್ಲಿಡಿ. ಕುಂಬಳಕಾಯಿ ಒಡೆದ ಮೇಲೆ ಡಬ್ಬಿಂಗಿಗೆ ಕಾಸಿಲ್ಲದೆ ಹಾರ್ಡ್ ಡಿಸ್ಕಿನಲ್ಲೇ ಉಳಿದ ಚಿತ್ರಗಳು ಗಾಂಧಿನಗರದಲ್ಲಿ ಬೇಕಾದಷ್ಟಿವೆ.

ಕಿವಿಯ ಕೆಲಸ

ಲೊಕೇಶನ್ ನೋಡಲು ಹೋದವರು ಕಣ್ಣಿನಿಂದ ನೋಡಿ ಬರುತ್ತಾರೆ. ಸ್ಥಳದಲ್ಲೇ ಶಬ್ದ ಹಿಡಿಯುವ ಯೋಚನೆಯಿದ್ದರೆ ಕಿವಿಯಿಂದಲೂ ನೋಡಬೇಕು, ಅದೂ ಶೂಟಿಂಗ್ ನಡೆಯುವ ಹೊತ್ತಿನಲ್ಲೇ. ಮಧ್ಯಾಹ್ನ ನಿಶ್ಶಬ್ದವಾಗಿದ್ದ ತೋಟದ ಮನೆಯ ಪಕ್ಕ ತ್ರೀ ಫೇಸ್ ಕರೆಂಟು ಬಂದ ಕೂಡಲೇ ನಾಲ್ಕು ಪಂಪ್‌ಸೆಟ್ ಶುರುವಾಗಬಹುದು. ಊರಿನ ಗುಡಿಯಲ್ಲಿ ಸಂಜೆ ಮೈಕ್ ಹಾಕುತ್ತಾರೆಯೇ, ಆ ವಾರ ಮದುವೆ, ಜಾತ್ರೆ ಇದೆಯೇ, ವಿಚಾರಿಸಿ. ಕರೆಂಟು ಬರುವ ವೇಳೆಯನ್ನು ಲೈನ್‌ಮ್ಯಾನ್ ಹತ್ತಿರ ಕೇಳಿ ಬರೆದುಕೊಳ್ಳುವುದು ಸಹಾಯಕ ನಿರ್ದೇಶಕರ ಕೆಲಸಗಳಲ್ಲಿ ಒಂದು. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಆ ಜಾಗದ ಸದ್ದು ಹಿಡಿದಿಡಿ. ಅಡುಗೆಮನೆಯ ಮೌನ ಬೇರೆ, ಜಗಲಿಯ ಮೌನ ಬೇರೆ. ಮಾತಿನ ನಡುವಿನ ಸಂದುಗಳನ್ನು ತುಂಬಲು ಆ ಒಂದು ನಿಮಿಷ ಬೇಕಾಗುತ್ತದೆ. ಡಬ್ಬಿಂಗ್ ಮಾಡುವುದೇ ನಿಶ್ಚಯವಾಗಿದ್ದರೂ ಸೆಟ್ಟಿನ ಪೈಲಟ್ ಶಬ್ದವನ್ನು ಶುದ್ಧವಾಗಿ ಹಿಡಿಯಿರಿ. ಆರು ತಿಂಗಳಾದ ಮೇಲೆ ಸ್ಟುಡಿಯೋದಲ್ಲಿ ನಿಂತ ನಟರಿಗೆ ತಮ್ಮ ಆವತ್ತಿನ ಉಸಿರಿನ ಏರಿಳಿತ ನೆನಪಿಸಲು ಅದೊಂದೇ ಇರುವುದು.

ಎಲ್ಲಿ ಕಲಿಯುವುದು

ದಾರಿ ಒಂದೇ ಅಲ್ಲ. ಪುಟ್ಟಣ್ಣ ಕಣಗಾಲ್ ನಿರ್ದೇಶಕ ಬಿ.ಆರ್. ಪಂತುಲು ಅವರ ಕೈಕೆಳಗೆ ಪಳಗಿ ಬಂದವರು. ಕಾಸರವಳ್ಳಿ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ (2017) ಮಾಡಿದ್ದು ಗಾಂಧಿನಗರದಿಂದ ದೂರ, ಮಂಗಳೂರಿನ ಗೆಳೆಯರ ಬಳಗದಿಂದ. ಪುಣೆ, ಕೋಲ್ಕತ್ತದ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಕಣ್ಣುಮುಚ್ಚಿ ಹೋಗಿ. ತಪ್ಪು ಮಾಡಲು ಪುರಸೊತ್ತು ಸಿಗುವುದು ಅಲ್ಲಿ ಮಾತ್ರ. ಸಿಗದಿದ್ದರೆ ಸಹಾಯಕರಾಗಿ ಸೇರಿ, ಆದರೆ ಒಂದೇ ಚಿತ್ರದಲ್ಲಿ ಚಿತ್ರಕಥೆಯ ಚರ್ಚೆಯಿಂದ ಮೊದಲ ಪ್ರತಿಯವರೆಗೆ ಇರಿ. ಶೂಟಿಂಗ್ ಮುಗಿದ ಕೂಡಲೇ ಇನ್ನೊಂದು ಯೂನಿಟ್ಟಿಗೆ ಜಿಗಿಯುವವರಿಗೆ ಕ್ಲಾಪ್ ಹೊಡೆಯುವುದು, ಜನರನ್ನು ಕರೆಯುವುದು ಚೆನ್ನಾಗಿ ಬರುತ್ತದೆ. ಸೆಟ್ಟಿನಲ್ಲಿ ‘ಓಕೆ’ ಆದ ಶಾಟ್ ಎಡಿಟಿಂಗಿನಲ್ಲಿ ಯಾಕೆ ಬಿದ್ದುಹೋಯಿತು ಎಂಬುದು ಮಾತ್ರ ತಿಳಿಯುವುದೇ ಇಲ್ಲ, ನಿರ್ದೇಶನದ ಪಾಠ ಇರುವುದು ಅಲ್ಲಿ. ಸೇರಿದ ಮೇಲೆ ಕಂಟಿನ್ಯುಟಿ ಬರೆಯುವ ಕೆಲಸ ಕೇಳಿ ಪಡೆಯಿರಿ. ಯಾವ ಕೈಯಲ್ಲಿ ಲೋಟ, ಎಷ್ಟು ಊಟ ಉಳಿದಿತ್ತು, ಸೆರಗು ಯಾವ ಕಡೆ ಎಂದು ಬರೆದೂ ಬರೆದೂ ಕಣ್ಣಿಗೆ ಒಂದು ಶಿಸ್ತು ಬರುತ್ತದೆ. ಬೆಂಗಳೂರಿನಲ್ಲಿದ್ದರೆ 1971ರಿಂದ ನಡೆಯುತ್ತಿರುವ ಸುಚಿತ್ರ ಫಿಲ್ಮ್ ಸೊಸೈಟಿಯ ಪ್ರದರ್ಶನಗಳಿಗೆ ಹೋಗಿ, ಬೆಂಗಳೂರು ಚಿತ್ರೋತ್ಸವದಲ್ಲಿ ಬೇರೆಬೇರೆ ದೇಶದವರ ಮೊದಲ ಚಿತ್ರಗಳನ್ನು ಹುಡುಕಿ ನೋಡಿ. ದೊಡ್ಡವರ ಹತ್ತನೇ ಚಿತ್ರಕ್ಕಿಂತ ಇನ್ನೊಬ್ಬರ ಮೊದಲ ಚಿತ್ರ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜೋಡಿಸುವಾಗ, ಮುಗಿಸುವಾಗ

ಮೊದಲ ಜೋಡಣೆ ಎರಡೂಮುಕ್ಕಾಲು ಗಂಟೆ ಬರುತ್ತದೆ, ನೋಡಲಾಗುವುದಿಲ್ಲ. ಎಲ್ಲರಿಗೂ ಹಾಗೇ ಆಗುತ್ತದೆ. ಅದನ್ನು ನೋಡುವ ಮೊದಲು ಎರಡು ವಾರ ಸಿನಿಮಾದಿಂದ ದೂರ ಇರಿ. ಯಾವ ಶಾಟಿಗೆ ಎಷ್ಟು ಕಷ್ಟಪಟ್ಟಿರಿ ಎಂಬುದು ಸಂಕಲನಕಾರರಿಗೆ ಗೊತ್ತಿಲ್ಲ, ಗೊತ್ತಾಗಲೂ ಬೇಡ. ಒಂದು ಹಂತಕ್ಕೆ ಬಂದಾಗ ಕಥೆ ತಿಳಿಯದ ಏಳೆಂಟು ಜನರನ್ನು ಕೂರಿಸಿ ತೋರಿಸಿ. ‘ಹೇಗಿದೆ?’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ‘ಕಥೆ ಏನು, ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಿ. ಊಟದ ದೃಶ್ಯ ಬಂದಾಗ ‘ಪಾಪ ಆ ಹುಡುಗಿ’ ಎನ್ನುತ್ತಾರೋ ‘ಪಾಪ ಆ ಮನುಷ್ಯ’ ಎನ್ನುತ್ತಾರೋ ಗಮನಿಸಿ. ನೀವು ಅಂದುಕೊಂಡಿದ್ದು ಒಬ್ಬರನ್ನು, ಅವರು ಹೇಳಿದ್ದು ಇನ್ನೊಬ್ಬರನ್ನು ಆದರೆ, ಮೊದಲು ಆ ಮಾತು ಯಾರ ಮುಖದ ಮೇಲೆ ಬೀಳುತ್ತಿದೆ ಎಂದು ನೋಡಿ. ಎಷ್ಟೋ ಸಲ ಒಂದು ಕಟ್ ಆಚೀಚೆ ಮಾಡಿದರೆ ಸರಿಹೋಗುತ್ತದೆ.

ಕಾಗದಪತ್ರ ಬೇಸರದ ಕೆಲಸ, ಆದರೆ ಚಿತ್ರ ನಿಲ್ಲುವುದು ಅಲ್ಲೇ. ಕಾದಂಬರಿ, ಕಥೆ ಆಧರಿಸಿದ್ದರೆ ಹಕ್ಕಿನ ಪತ್ರ ಮೊದಲು. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ವಾರಸುದಾರರದು. ಶೀರ್ಷಿಕೆಯನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ. ದೃಶ್ಯದಲ್ಲಿ ಎತ್ತು, ಕುರಿ, ನಾಯಿಯನ್ನು ನಟನೆಗೆ ಬಳಸುವುದಾದರೆ ಶೂಟಿಂಗಿಗೆ ಮೊದಲೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆಯಬೇಕು, ಇಲ್ಲವಾದರೆ ಸೆನ್ಸಾರಿನಲ್ಲಿ ಸಿಕ್ಕಿಬೀಳುತ್ತೀರಿ. ಪಾತ್ರಧಾರಿ ಬೀಡಿ ಸೇದಿದರೆ ತೆರೆಯ ಮೇಲೆ ಎಚ್ಚರಿಕೆಯ ಸಾಲು, ಆರಂಭದಲ್ಲೂ ನಡುವೆಯೂ ಆರೋಗ್ಯ ಸಂದೇಶ ಕಡ್ಡಾಯ. ಆ ಬೀಡಿ ದೃಶ್ಯಕ್ಕೆ ಅಷ್ಟು ಅಗತ್ಯವೇ ಎಂದು ಮೊದಲೇ ಯೋಚಿಸಿ. ಸೆನ್ಸಾರಿನ ಅರ್ಜಿ ಈಗ ಇ-ಸಿನಿಪ್ರಮಾಣ್ ಜಾಲತಾಣದಲ್ಲೇ. ಯುಎ ಎಂಬ ಒಂದೇ ದರ್ಜೆ ಈಗ 7+, 13+, 16+ ಎಂದು ಮೂರಾಗಿದೆ. ಬಿಡುಗಡೆಯ ದಿನ ಗೊತ್ತುಮಾಡಿ ಅರ್ಜಿ ಹಾಕಬೇಡಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ದಿನ ಗೊತ್ತುಮಾಡಿ. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಮೊದಲ ಚಿತ್ರ ‘ಸಂಸ್ಕಾರ’ಕ್ಕೆ (1970) ಮೊದಲು ಸಿಕ್ಕಿದ್ದು ನಿಷೇಧ, ಹೋರಾಡಿ ಬಿಡುಗಡೆಯಾಗಿ, ಕೊನೆಗೆ ರಾಷ್ಟ್ರದ ಅತ್ಯುತ್ತಮ ಚಿತ್ರವೆನ್ನಿಸಿಕೊಂಡಿತು.

ಇನ್ನೊಂದು ಕೆಲಸವನ್ನು ಬಿಡುಗಡೆಯ ಸಡಗರದಲ್ಲಿ ಬಹುತೇಕರು ಮರೆಯುತ್ತಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇವತ್ತು ನೋಡಲು ಸಿಗುವುದಿಲ್ಲ, ಒಂದು ಪ್ರತಿಯೂ ಉಳಿದಿಲ್ಲ. ಡಿಜಿಟಲ್ ಕಾಲದಲ್ಲಿ ಕಳೆದುಹೋಗುವುದು ಇನ್ನೂ ಸುಲಭ. ಶೂಟ್ ಮಾಡಿದ ಮೂಲ ಫೈಲುಗಳು, ಎಡಿಟಿಂಗಿನ ಪ್ರಾಜೆಕ್ಟ್, ಸಂಗೀತ-ಮಾತು-ಸದ್ದುಗಳ ಬೇರೆಬೇರೆ ಟ್ರ್ಯಾಕ್, ಬೀಗ ಹಾಕದ ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ), ಉಪಶೀರ್ಷಿಕೆಯ ಫೈಲು, ಅಂತಿಮ ಚಿತ್ರಕಥೆ, ಎಲ್ಲವನ್ನೂ ಮೂರು ಪ್ರತಿ ಮಾಡಿ. ಒಂದು ನಿರ್ಮಾಪಕರ ಹತ್ತಿರ, ಒಂದು ನಿಮ್ಮ ಹತ್ತಿರ, ಇನ್ನೊಂದು ಬೇರೆ ಊರಿನಲ್ಲಿರಲಿ. ಹಾರ್ಡ್ ಡಿಸ್ಕ್ ಸುಮ್ಮನೆ ಇಟ್ಟರೂ ಕೆಡುತ್ತದೆ. ವರ್ಷಕ್ಕೊಮ್ಮೆ ಹಚ್ಚಿ ನೋಡಿ, ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸಿ, ಮೇಲೆ ದಿನಾಂಕ ಬರೆದಿಡಿ.